ಫ್ಯಾನಿನ ಸದ್ದು ಯಾರ ಲೆಕ್ಕಕ್ಕೆ?

1996ರಲ್ಲಿ ತ್ರೀಡಿಎಫ್‌ಎಕ್ಸ್ ಕಂಪನಿಯ ವೂಡೂ ಗ್ರಾಫಿಕ್ಸ್ ಕಾರ್ಡು ಬಂದಾಗ ಅದಕ್ಕೆ ಫ್ಯಾನ್ ಇರಲಿಲ್ಲ, ಶಾಖ ಹೀರಿ ಹರಡುವ ಹೀಟ್‌ಸಿಂಕೂ ಇರಲಿಲ್ಲ. ಚಿಪ್ಪುಗಳು ಬರಿಮೈಯಲ್ಲಿ ಕೂತಿದ್ದವು. ಕ್ಯಾಬಿನೆಟ್ಟಿನೊಳಗೆ ಸುಳಿದಾಡುವ ಗಾಳಿಯೇ ಅವಕ್ಕೆ ಸಾಕಾಗಿತ್ತು. ಮೂರೇ ವರ್ಷದಲ್ಲಿ, ಎನ್ವಿಡಿಯಾದ ಜಿಫೋರ್ಸ್ 256 ಬರುವ ಹೊತ್ತಿಗೆ, ಚಿಪ್ಪಿನ ನೆತ್ತಿಯ ಮೇಲೆ ಪುಟ್ಟ ಫ್ಯಾನೊಂದು ತಿರುಗತೊಡಗಿತು. 2025ರಲ್ಲಿ ಬಂದ ಆರ್‌ಟಿಎಕ್ಸ್ 5090 ಎಳೆಯುವುದು 575 ವ್ಯಾಟ್. ಈ ಕಥೆಯನ್ನು ಸಾಮಾನ್ಯವಾಗಿ ಹೇಳುವುದು ಒಂದೇ ಧಾಟಿಯಲ್ಲಿ: ಚಿಪ್ಪಿನ ಶಕ್ತಿ ಹೆಚ್ಚಿತು, ಬಿಸಿ ಏರಿತು, ಬಿಸಿ ಇಳಿಸಲು ಫ್ಯಾನ್ ಬಂತು, ಫ್ಯಾನ್ ಬಂದ ಮೇಲೆ ಸದ್ದು ಇದ್ದದ್ದೇ. ಈ ವಿವರಣೆ ಅರ್ಧ ದಾರಿಗೇ ನಿಲ್ಲುತ್ತದೆ. ಕಾದು ಕೂಗಿ ಹೆಸರು ಕೆಡಿಸಿಕೊಂಡ ಕಾರ್ಡುಗಳನ್ನು ಒಂದೊಂದಾಗಿ ತೆಗೆದು ನೋಡಿದರೆ ಬಹುಪಾಲು ಕಡೆ ಒಂದು ವ್ಯಾಪಾರದ ತೀರ್ಮಾನ ಎದುರಾಗುತ್ತದೆ. ಎದುರಾಳಿಯನ್ನು ಹಿಂದಿಕ್ಕಲು ಬೇಕಾದ ಕೊನೆಯ ನಾಲ್ಕಾರು ಶೇಕಡಾ ವೇಗಕ್ಕಾಗಿ ಕಂಪನಿ ಚಿಪ್ಪನ್ನು ಹದ ಮೀರಿ ಓಡಿಸಿರುತ್ತದೆ. ಅದರ ಕಂದಾಯವನ್ನು ಕೊಂಡವರ ಕಿವಿ ಕಟ್ಟುತ್ತಿರುತ್ತದೆ.

ಮೊದಲ ದೊಡ್ಡ ಸಾಕ್ಷಿ ಜಿಫೋರ್ಸ್ ಎಫ್‌ಎಕ್ಸ್ 5800 ಅಲ್ಟ್ರಾ. 2002ರ ಆಗಸ್ಟಿನಲ್ಲಿ ಕೆನಡಾದ ಎಟಿಐ ಕಂಪನಿ ರೇಡಿಯಾನ್ 9700 ಪ್ರೊ ಬಿಟ್ಟಿತು. ಅದನ್ನು ತಯಾರಿಸಿದ್ದು ಹಳೆಯ 0.15 ಮೈಕ್ರಾನ್ ವಿಧಾನದಲ್ಲಿ, ಅದರ ಗಡಿಯಾರದ ವೇಗ 325 ಮೆಗಾಹರ್ಟ್ಸ್. ಆದರೆ ಚಿಪ್ಪಿಗೂ ಮೆಮೊರಿಗೂ ನಡುವಿನ ಹಾದಿ 256 ಬಿಟ್‌ನಷ್ಟು ಅಗಲ. ಎನ್ವಿಡಿಯಾ ಹೊಸ 0.13 ಮೈಕ್ರಾನ್ ವಿಧಾನವನ್ನು ನೆಚ್ಚಿಕೊಂಡಿತ್ತು, ಅದು ತಡವಾಯಿತು. ಮೆಮೊರಿಯ ಹಾದಿಯನ್ನು 128 ಬಿಟ್‌ಗೇ ಬಿಟ್ಟಿದ್ದರಿಂದ ಎದುರಾಳಿಯನ್ನು ಮುಟ್ಟಲು ಉಳಿದದ್ದು ವೇಗ ಏರಿಸುವ ದಾರಿ ಮಾತ್ರ. 500 ಮೆಗಾಹರ್ಟ್ಸ್‌ಗೆ ಏರಿಸಿದ ಆ ಚಿಪ್ಪನ್ನು ತಣಿಸಲು ಪಕ್ಕದ ಸ್ಲಾಟನ್ನೂ ನುಂಗುವ, ಹೊರಗಿನ ಗಾಳಿ ಎಳೆದು ಹೊರಗೇ ಊದುವ ‘ಎಫ್‌ಎಕ್ಸ್ ಫ್ಲೋ’ ಎಂಬ ಏರ್ಪಾಟು ಬಂತು. ಅದರ ಕೂಗಿಗೆ ಕಾರ್ಡು ‘ಡಸ್ಟ್‌ಬಸ್ಟರ್’ ಎಂಬ ಕೈ ವ್ಯಾಕ್ಯೂಮ್ ಕ್ಲೀನರಿನ ಹೆಸರು ಹೊತ್ತಿತು. ಎನ್ವಿಡಿಯಾದವರೇ ಅದನ್ನು ಎಲೆ ಊದುವ ಯಂತ್ರವಾಗಿ ಬಳಸುವ ತಮಾಷೆಯ ವಿಡಿಯೊ ಮಾಡಿದರು. (ತನ್ನ ಸರಕನ್ನು ತಾನೇ ಹೀಗೆ ಗೇಲಿ ಮಾಡಿಕೊಂಡ ಕಂಪನಿಗಳು ಅಪರೂಪ; ಆ ಮಟ್ಟಿಗೆ ಮೆಚ್ಚಬೇಕು.) ಇಲ್ಲಿ ಗಮನಿಸಬೇಕಾದದ್ದು ಆಮೇಲೆ ನಡೆದದ್ದು. 2003ರ ಮೇ ತಿಂಗಳಲ್ಲಿ ಬಂದ ಎಫ್‌ಎಕ್ಸ್ 5900 ಅಲ್ಟ್ರಾವನ್ನೂ ಅದೇ 0.13 ಮೈಕ್ರಾನ್ ವಿಧಾನದಲ್ಲೇ ಮಾಡಿದ್ದು. ಅದರ ಹಾದಿ 256 ಬಿಟ್‌ಗೆ ಹಿಗ್ಗಿತ್ತು, ಗಡಿಯಾರ 450ಕ್ಕೆ ಇಳಿದಿತ್ತು, ಕೂಗು ಬಹಳಷ್ಟು ತಗ್ಗಿತ್ತು. ಬಿಸಿಯ ನಿಯಮಗಳು ಆ ಕೆಲವು ತಿಂಗಳಲ್ಲಿ ಬದಲಾಗಿರಲಿಲ್ಲ.

2010ರಲ್ಲಿ ಇದೇ ನಾಟಕ ಮತ್ತೊಮ್ಮೆ. ಎಎಂಡಿಯ ರೇಡಿಯಾನ್ ಎಚ್‌ಡಿ 5870ಗಿಂತ ಆರು ತಿಂಗಳು ತಡವಾಗಿ ಬಂದ ಎನ್ವಿಡಿಯಾದ ಜಿಟಿಎಕ್ಸ್ 480, 512 ಕೋರ್‌ಗಳಿಗೆ ರೂಪಿಸಿದ್ದರೂ 480ನ್ನು ಮಾತ್ರ ಚಾಲೂ ಮಾಡಿಕೊಂಡು, 250 ವ್ಯಾಟ್ ಎಳೆಯುತ್ತಾ ಬಂತು. ಅದರ ಮೇಲೆ ಮೊಟ್ಟೆ ಬೇಯಿಸುವ ವಿಡಿಯೊಗಳು ಹರಿದಾಡಿದವು. ಅದೇ ವರ್ಷದ ನವೆಂಬರಿನಲ್ಲಿ ಅದೇ ವಿನ್ಯಾಸವನ್ನು ತಿದ್ದಿ ಜಿಟಿಎಕ್ಸ್ 580 ಮಾಡಿದಾಗ 512 ಕೋರ್‌ಗಳೂ ಓಡಿದವು, ಸದ್ದೂ ಇಳಿಯಿತು. ಇದಕ್ಕಿಂತ ಗಟ್ಟಿ ಪುರಾವೆ 2013ರದು. ಎಎಂಡಿಯ ಆರ್9 290ಎಕ್ಸ್ 95 ಡಿಗ್ರಿ ಸೆಲ್ಸಿಯಸ್‌ನಲ್ಲಿ ಓಡುವಂತೆಯೇ ಮಾಡಿದ ಕಾರ್ಡು. ಅದರ ಮೇಲೆ ಒಂದು ಚಿಕ್ಕ ಸ್ವಿಚ್: ಒಂದು ಕಡೆ ತಳ್ಳಿದರೆ ಫ್ಯಾನ್ ಶೇ. 40 ದಾಟುವುದಿಲ್ಲ, ಇನ್ನೊಂದು ಕಡೆ ತಳ್ಳಿದರೆ ಶೇ. 55ರವರೆಗೆ ಹೋಗುತ್ತದೆ. ಸದ್ದು ಬೇಕೋ ವೇಗ ಬೇಕೋ ನೀವೇ ಆರಿಸಿಕೊಳ್ಳಿ ಎಂದು ಕಂಪನಿ ಬಾಯಿಬಿಟ್ಟು ಹೇಳಿದ ಹಾಗಾಯಿತು. ಅದರ ತಮ್ಮ ಆರ್9 290 ಬಿಡುಗಡೆಗೆ ಕೆಲವೇ ದಿನವಿರುವಾಗ ಎನ್ವಿಡಿಯಾ ತನ್ನ ಜಿಟಿಎಕ್ಸ್ 780ರ ಬೆಲೆ ಇಳಿಸಿತು. ಎಎಂಡಿ ಬಿಡುಗಡೆಯನ್ನು ಮುಂದೂಡಿ, ಡ್ರೈವರಿನಲ್ಲಿ ಒಂದು ಅಂಕಿ ತಿದ್ದಿ, ಫ್ಯಾನಿನ ಮಿತಿಯನ್ನು ಶೇ. 40ರಿಂದ 47ಕ್ಕೆ ಏರಿಸಿತು. ಚಿಪ್ ಅದೇ, ಹೀಟ್‌ಸಿಂಕ್ ಅದೇ, ಫ್ಯಾನೂ ಅದೇ. ಬದಲಾದದ್ದು ಎದುರು ಅಂಗಡಿಯ ದರಪಟ್ಟಿ. ಮುಂದೆ ಬೇರೆ ಕಂಪನಿಗಳು ಅದೇ ಚಿಪ್ಪಿಗೆ ಎರಡು, ಮೂರು ಫ್ಯಾನುಗಳ ದೊಡ್ಡ ಕೂಲರ್ ಕೂರಿಸಿ ಮಾರಿದಾಗ ತಾಪವೂ ಗದ್ದಲವೂ ಎರಡೂ ಇಳಿದವು.

ಕೊನೆಯ ನಾಲ್ಕಾರು ಶೇಕಡಾ ಇಷ್ಟು ದುಬಾರಿ ಏಕೆ? ಚಿಪ್ಪಿನ ವೇಗ ಹೆಚ್ಚಿಸಬೇಕಾದರೆ ಒಂದು ಹಂತದ ಮೇಲೆ ವೋಲ್ಟೇಜನ್ನೂ ಹೆಚ್ಚಿಸಬೇಕು, ಮತ್ತು ಚಿಪ್ ಕೆಲಸ ಮಾಡುವಾಗ ಸುಡುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಹಾಗೆಯೇ ಇಟ್ಟು ವೋಲ್ಟೇಜನ್ನು ಮಾತ್ರ ಶೇ. 10 ಇಳಿಸಿದರೆ ಈ ವಿದ್ಯುತ್ತಿನಲ್ಲಿ ಶೇ. 19 ಉಳಿಯುತ್ತದೆ. ಇತ್ತ ಫ್ಯಾನಿನ ಲೆಕ್ಕ ಇನ್ನೂ ನಿರ್ದಯಿ. ಅದರ ಸುತ್ತುಗಳನ್ನು ಎರಡು ಪಟ್ಟು ಮಾಡಿದರೆ ಗಾಳಿ ಎರಡೇ ಪಟ್ಟು ಬರುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬೆಲ್ ಏರುತ್ತದೆ. 10 ಡೆಸಿಬೆಲ್ ಏರಿದರೇ ಕಿವಿಗೆ ಇಮ್ಮಡಿ ಗದ್ದಲವೆನಿಸುತ್ತದೆ. ಹೀಗೆ ವೇಗದ ಅಂಚಿನಲ್ಲಿ ಎರಡು ಕಡಿದಾದ ಏರುಗಳು ಒಂದರ ಮೇಲೊಂದು ಕೂತಿವೆ. 450 ವ್ಯಾಟ್‌ನ ಆರ್‌ಟಿಎಕ್ಸ್ 4090ಯ ಪವರ್ ಲಿಮಿಟನ್ನು ಶೇ. 70ಕ್ಕೆ ಇಳಿಸಿದರೂ ಆಟದ ವೇಗ ಸಾಮಾನ್ಯವಾಗಿ ಶೇ. 10ರಷ್ಟೂ ಕುಗ್ಗುವುದಿಲ್ಲ. ಹಾಗಿದ್ದ ಮೇಲೆ ಅದನ್ನು ಪೂರ್ತಿ ಮಿತಿಗೇ ಹಚ್ಚಿ ಮಾರುವುದಕ್ಕೆ, ಪರೀಕ್ಷೆಯ ಪಟ್ಟಿಗಳಲ್ಲಿ ಮೇಲಿನ ಸಾಲಿನಲ್ಲಿ ನಿಲ್ಲುವ ಆಸೆ ಬಿಟ್ಟರೆ ನನಗೆ ಬೇರೆ ಕಾರಣ ತೋಚುವುದಿಲ್ಲ.

ಇದಕ್ಕೆ ಎಂಜಿನಿಯರುಗಳು ಎತ್ತುವ ಆಕ್ಷೇಪ ತೂಕದ್ದೇ. 1974ರಲ್ಲಿ ಐಬಿಎಂನ ರಾಬರ್ಟ್ ಡೆನಾರ್ಡ್ ಮತ್ತು ಜೊತೆಗಾರರು ತೋರಿಸಿದಂತೆ, ಟ್ರಾನ್ಸಿಸ್ಟರ್ ಕುಗ್ಗಿದಂತೆ ಅದಕ್ಕೆ ಬೇಕಾದ ವೋಲ್ಟೇಜೂ ಕುಗ್ಗುತ್ತಿತ್ತು. ಎಷ್ಟು ಒತ್ತಾಗಿ ತುಂಬಿದರೂ ಚದರ ಮಿಲಿಮೀಟರಿನ ಬಿಸಿ ಹೆಚ್ಚುತ್ತಿರಲಿಲ್ಲ. 2000ರ ದಶಕದ ನಡುವೆ ಆ ಸೌಕರ್ಯ ಮುಗಿಯಿತು. ಆಮೇಲಿನ ಬಿಸಿಗೆ ವ್ಯಾಪಾರವನ್ನು ಬೈದು ಫಲವೇನು ಎಂದು ಅವರು ಕೇಳಬಹುದು. ಆದರೆ 2014ರ ಅನುಭವ ಬೇರೆಯೇ ಹೇಳುತ್ತದೆ. ಆ ವರ್ಷ ಬಂದ ಜಿಟಿಎಕ್ಸ್ 750 ಟಿಐಗೆ 60 ವ್ಯಾಟ್ ಸಾಕಿತ್ತು, ಮೂಲ ಮಾದರಿಗೆ ಪ್ರತ್ಯೇಕ ಪವರ್ ಕೇಬಲ್ಲೂ ಬೇಕಿರಲಿಲ್ಲ. ಜಿಟಿಎಕ್ಸ್ 980 ಹಿಂದಿನ ದೊಡ್ಡ ಕಾರ್ಡುಗಳನ್ನು ಮೀರಿಸಿ 165 ವ್ಯಾಟ್‌ಗೇ ನಿಂತಿತು. ಹಗುರವಾಗಿ ಓಡುವ ಕಾಲದಲ್ಲೇ, ಕೆಲಸ ಕಡಿಮೆ ಇದ್ದಾಗ ಫ್ಯಾನನ್ನು ಪೂರ್ತಿ ನಿಲ್ಲಿಸಿಬಿಡುವ ರೂಢಿಯೂ ಹರಡಿತು. ಎಲ್ಲವೂ ಡೆನಾರ್ಡ್ ಸೌಕರ್ಯ ಮುಗಿದ ಮೇಲಿನ ಮಾತು. ಅದೇ ಸಾಲಿನ ಕಾರ್ಡುಗಳು ಆಮೇಲೆ ಹೋದ ದಾರಿ ನೋಡಿ: 1080ಕ್ಕೆ 180 ವ್ಯಾಟ್, 2080ಕ್ಕೆ 215, 3080ಕ್ಕೆ 320, 5080ಕ್ಕೆ 360. ಚಿಪ್ ತಯಾರಿಕೆಯಲ್ಲಿ ಗಳಿಸಿದ ಉಳಿತಾಯವನ್ನು ಮೌನಕ್ಕೂ ಬಳಸಬಹುದಿತ್ತು, ವೇಗಕ್ಕೂ ಬಳಸಬಹುದಿತ್ತು. ಬಳಸಿದ್ದು ವೇಗಕ್ಕೆ. ಈಗಿನ ದೊಡ್ಡ ಕಾರ್ಡುಗಳು 5800 ಅಲ್ಟ್ರಾಗಿಂತ ತಣ್ಣಗೆ ಉಸಿರಾಡುತ್ತವೆ ಎಂಬುದೂ ನಿಜ. ಆದರೆ ಆ ಮೌನದ ಬೆಲೆ ಮೂರು ಸ್ಲಾಟಿನ ದಪ್ಪಕ್ಕೆ, ತೂಕಕ್ಕೆ, ಕ್ಯಾಬಿನೆಟ್ಟಿನ ಅಳತೆಗೆ ವರ್ಗವಾಗಿದೆ.

ಇನ್ನೊಂದು ಆಕ್ಷೇಪ ರಿಪೇರಿಯವರದು. ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವ ಅಂಗಡಿಯಲ್ಲಿ ಕೇಳಿದರೂ ಮೊದಲು ಬರುವ ಸಲಹೆ ದೂಳು ತೆಗೆಸಿ, ಥರ್ಮಲ್ ಪೇಸ್ಟ್ ಬದಲಿಸಿ ಎಂಬುದು. ಹಳೆಯ ಕಾರ್ಡಿನ ಮಟ್ಟಿಗೆ ಅದು ಸರಿಯಾದ ಸಲಹೆ. ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ದೂಳು ಹೆಪ್ಪುಗಟ್ಟುತ್ತದೆ, ಪೇಸ್ಟ್ ಒಣಗುತ್ತದೆ, ಬೇರಿಂಗ್ ಸವೆದ ಫ್ಯಾನ್ ಗರಗರ ಎನ್ನುತ್ತದೆ. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದಿಟ್ಟಾಗ ತಾಪ ಹತ್ತು ಡಿಗ್ರಿ ಇಳಿದರೆ ತಪ್ಪು ಕಾರ್ಡಿನದಲ್ಲ, ಗಾಳಿ ಬರುವ ದಾರಿಯದು. ಅಪ್ಪಟ ತಯಾರಿಕಾ ದೋಷಗಳೂ ಉಂಟು: 2022ರ ಕೊನೆಗೆ ಬಂದ ಕೆಲವು ರೇಡಿಯಾನ್ ಆರ್‌ಎಕ್ಸ್ 7900 ಎಕ್ಸ್‌ಟಿಎಕ್ಸ್ ಕಾರ್ಡುಗಳು 110 ಡಿಗ್ರಿ ಮುಟ್ಟುತ್ತಿದ್ದುದು, ಶಾಖ ಒಯ್ಯುವ ವೇಪರ್ ಚೇಂಬರಿನಲ್ಲಿ ನೀರು ಸಾಲದ್ದರಿಂದ ಎಂದು ಎಎಂಡಿಯೇ ಒಪ್ಪಿಕೊಂಡಿತು. ಅಂಥದ್ದಕ್ಕೆ ಪೇಸ್ಟ್ ಮದ್ದಲ್ಲ, ವಾರಂಟಿಯೇ ಮದ್ದು. ಆದರೆ ಈ ಯಾವ ಕಾರಣವೂ ಪೆಟ್ಟಿಗೆಯಿಂದ ಆಗತಾನೆ ತೆಗೆದ ಕಾರ್ಡು ಕೂಗುವುದನ್ನು ವಿವರಿಸುವುದಿಲ್ಲ. ದೂಳಿನಿಂದ ಇಷ್ಟು ಬೇಗ ಸೋಲುವಷ್ಟು ಅಂಚಿಗೆ ಕಾರ್ಡನ್ನು ತಂದು ನಿಲ್ಲಿಸಿದವರು ಯಾರು ಎಂಬ ಪ್ರಶ್ನೆಯೂ ಉಳಿಯುತ್ತದೆ. ಕೋಣೆ 25 ಡಿಗ್ರಿ ಇದ್ದಾಗ 95 ಡಿಗ್ರಿಯ ಚಿಪ್ಪಿಗೆ ಬಿಸಿ ಹೊರಹಾಕಲು 70 ಡಿಗ್ರಿ ಅಂತರವಿರುತ್ತದೆ. ಮೇ ತಿಂಗಳ ಕಲಬುರಗಿಯಲ್ಲಿ ಕೋಣೆಯೇ 40 ಮುಟ್ಟಿದರೆ ಅಂತರ 55ಕ್ಕೆ ಇಳಿಯುತ್ತದೆ. ಏಸಿಯ ತಂಪಿನಲ್ಲಿ ಅಂಚಿಗೆ ತಂದಿಟ್ಟ ಕಾರ್ಡು ಅಲ್ಲಿ ಅಂಚು ದಾಟಿರುತ್ತದೆ.

ಆದ್ದರಿಂದ ಫ್ಯಾನಿಗೆ ಕೈ ಹಚ್ಚುವ ಮುನ್ನ ವೇಗದ ಮಿತಿಯನ್ನು ನೋಡುವುದು ಮೇಲು: ಪವರ್ ಲಿಮಿಟ್ ತುಸು ಇಳಿಸುವುದು, ಅದೇ ವೇಗಕ್ಕೆ ಕಡಿಮೆ ವೋಲ್ಟೇಜ್ ಹೊಂದಿಸುವುದು, ಮಾನಿಟರ್ ತೋರಿಸಲಾಗದಷ್ಟು ಚಿತ್ರಗಳನ್ನು ಬಿಡಿಸದಂತೆ ಕಾರ್ಡನ್ನು ತಡೆಯುವುದು. 2010ರಲ್ಲಿ ಸ್ಟಾರ್‌ಕ್ರಾಫ್ಟ್ 2 ಆಟ ಬಂದಾಗ ಕಾರ್ಡುಗಳು ಕಾದದ್ದು ಭಾರಿ ಯುದ್ಧದ ದೃಶ್ಯಗಳಲ್ಲಲ್ಲ, ಹೆಚ್ಚೇನೂ ನಡೆಯದ ಮೆನು ಪರದೆಯಲ್ಲಿ. ಬಿಡಿಸಲು ಅಲ್ಲಿ ಏನೂ ಇಲ್ಲದ್ದರಿಂದ, ತಡೆಯುವವರೂ ಇಲ್ಲದ್ದರಿಂದ, ಕಾರ್ಡು ಅದೇ ಚಿತ್ರವನ್ನು ತನ್ನ ಕೈಲಾದಷ್ಟು ವೇಗದಲ್ಲಿ ಬಿಡಿಸುತ್ತಲೇ ಇತ್ತು. ಆಟ ತಯಾರಿಸಿದ ಬ್ಲಿಝಾರ್ಡ್ ಕಂಪನಿ ಸೂಚಿಸಿದ ಪರಿಹಾರ ಒಂದು ಸೆಟ್ಟಿಂಗ್ ಫೈಲಿಗೆ ಎರಡು ಸಾಲು ಸೇರಿಸುವುದು: ಆಟದಲ್ಲಿ ಸೆಕೆಂಡಿಗೆ 60 ಚಿತ್ರ, ಮೆನುವಿನಲ್ಲಿ 30.