ಕಡಿಮೆ ವಿದ್ಯುತ್ ಬಳಸುವ ಗಣಕಯಂತ್ರದ ಬಿಡಿಭಾಗಗಳ ಆಯ್ಕೆ: ಸಾರ್ವಜನಿಕರಿಗೆ ಮಾಹಿತಿ

ಮನೆ, ಅಂಗಡಿ ಹಾಗೂ ಸಣ್ಣ ಕಚೇರಿಗಳಲ್ಲಿನ ಗಣಕಯಂತ್ರವು ಚಾಲನೆಯಲ್ಲಿರುವ ಬಹುಪಾಲು ಸಮಯ ಭಾರವಾದ ಕೆಲಸವನ್ನು ನಿರ್ವಹಿಸುವುದಿಲ್ಲ. ಬಳಕೆದಾರರು ಪರದೆಯನ್ನು ಓದುತ್ತಿರುವಾಗ ಅಥವಾ ದಾಖಲೆ ಹುಡುಕುತ್ತಿರುವಾಗ ಯಂತ್ರವು ನಿಷ್ಕ್ರಿಯವಾಗಿದ್ದರೂ ವಿದ್ಯುತ್ ವ್ಯಯವಾಗುತ್ತಿರುತ್ತದೆ. ಈ ನಿಷ್ಕ್ರಿಯ ಬಳಕೆಯು ಖರೀದಿಯ ಸಮಯದಲ್ಲಿ ಆಯ್ಕೆ ಮಾಡುವ ಬಿಡಿಭಾಗಗಳನ್ನು ಅವಲಂಬಿಸಿರುತ್ತದೆ.

ವೆಚ್ಚದ ಲೆಕ್ಕ

ಉದಾಹರಣೆಗೆ, ಮಾನಿಟರ್ ಹೊರತುಪಡಿಸಿ, ನಿಷ್ಕ್ರಿಯ ಸ್ಥಿತಿಯಲ್ಲಿ ಒಂದು ಯಂತ್ರ 60 ವ್ಯಾಟ್, ಮತ್ತೊಂದು 20 ವ್ಯಾಟ್ ಬಳಸುತ್ತದೆ ಎಂದು ಭಾವಿಸೋಣ. ದಿನಕ್ಕೆ 10 ಗಂಟೆಯಂತೆ ತಿಂಗಳಿಗೆ 25 ದಿನ ಚಾಲನೆಯಲ್ಲಿದ್ದಲ್ಲಿ ವ್ಯತ್ಯಾಸವು 10 ಯೂನಿಟ್ ಆಗುತ್ತದೆ. ಯೂನಿಟ್‌ಗೆ ರೂ. 6 ಎಂದು ಪರಿಗಣಿಸಿದರೆ ವರ್ಷಕ್ಕೆ ರೂ. 720, ಐದು ವರ್ಷಕ್ಕೆ ರೂ. 3,600 ಉಳಿತಾಯವಾಗುತ್ತದೆ. ಕರ್ನಾಟಕದಲ್ಲಿ 2023ರ ಜುಲೈನಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಡಿ ತಿಂಗಳ ಬಳಕೆಯು 200 ಯೂನಿಟ್ ಮೀರಿದಲ್ಲಿ ಪೂರ್ಣ ಬಿಲ್ಲನ್ನು ಪಾವತಿಸಬೇಕಾಗುವುದರಿಂದ, ಈ ಮಿತಿಯ ಸಮೀಪದಲ್ಲಿರುವ ಕುಟುಂಬಗಳಿಗೆ 10 ಯೂನಿಟ್ ಸಹ ಗಣನೀಯವಾದುದು.

ಗಮನಿಸಬೇಕಾದ ಅಂಶಗಳು

1. ಪ್ರೊಸೆಸರ್: ವಿವರಪಟ್ಟಿಯಲ್ಲಿ ನಮೂದಿಸಿರುವ 35 ಅಥವಾ 65 ವ್ಯಾಟ್ ಅಂಕಿಯು ಕೆಲಸದ ಹೊರೆಯಿರುವಾಗಿನ ಸ್ಥಿತಿಗೆ ಸಂಬಂಧಿಸಿದ್ದು, ನಿಷ್ಕ್ರಿಯ ಬಳಕೆಯನ್ನು ಸೂಚಿಸುವುದಿಲ್ಲ. ಆದ್ದರಿಂದ ಕೇವಲ ಈ ಅಂಕಿಯನ್ನು ನೋಡಿ ಹೆಚ್ಚಿನ ಬೆಲೆ ನೀಡುವುದು ಸೂಕ್ತವಲ್ಲ.

2. ಗ್ರಾಫಿಕ್ಸ್: ಪತ್ರವ್ಯವಹಾರ, ಲೆಕ್ಕಪತ್ರ ಹಾಗೂ ಅಂತರಜಾಲದ ಕೆಲಸಗಳಿಗೆ ಪ್ರೊಸೆಸರ್‌ನಲ್ಲಿಯೇ ಅಡಕವಾಗಿರುವ ಗ್ರಾಫಿಕ್ಸ್ ಸಾಕಾಗುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ನಿಷ್ಕ್ರಿಯವಾಗಿದ್ದರೂ ಹಲವು ವ್ಯಾಟ್ ಬಳಸುತ್ತದೆ. ಇಂಟೆಲ್ ಕೋರ್ ಪ್ರೊಸೆಸರ್‌ನ ಸಂಖ್ಯೆಯ ಕೊನೆಯಲ್ಲಿ ‘ಎಫ್’ ಅಕ್ಷರವಿದ್ದಲ್ಲಿ ಅದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ. ಪ್ರತ್ಯೇಕ ಕಾರ್ಡ್ ಖರೀದಿಸಬೇಕಾಗುತ್ತದೆ.

3. ಪವರ್ ಸಪ್ಲೈ: ‘80 ಪ್ಲಸ್’ ಪ್ರಮಾಣೀಕರಣದ ಬ್ರಾಂಜ್‌ನಿಂದ ಪ್ಲಾಟಿನಂವರೆಗಿನ ಶ್ರೇಣಿಗಳು ಶೇ. 20, 50 ಮತ್ತು 100ರ ಹೊರೆಯಲ್ಲಿನ ದಕ್ಷತೆಯನ್ನು ಆಧರಿಸಿವೆ. 600 ವ್ಯಾಟ್ ಸಾಮರ್ಥ್ಯದ ಘಟಕಕ್ಕೆ 30 ವ್ಯಾಟ್ ಎಂಬುದು ಕೇವಲ ಶೇ. 5ರ ಹೊರೆ. ಇಷ್ಟು ಕಡಿಮೆ ಹೊರೆಯಲ್ಲಿ ದಕ್ಷತೆಯು ಸಾಮಾನ್ಯವಾಗಿ ಕುಸಿಯುವುದರಿಂದ ಅಗತ್ಯಕ್ಕಿಂತ ಹೆಚ್ಚಿನ ಸಾಮರ್ಥ್ಯದ ಘಟಕವನ್ನು ಖರೀದಿಸಬಾರದು.

4. ಮದರ್‌ಬೋರ್ಡ್: ಬಳಸದಿರುವ ಹೆಚ್ಚುವರಿ ಸೌಲಭ್ಯಗಳು ಹಾಗೂ ಅಲಂಕಾರಿಕ ದೀಪಗಳು ಸಹ ವಿದ್ಯುತ್ ಬಳಸುತ್ತವೆ. ಸರಳ ಮಾದರಿಗಳು ಸೂಕ್ತ.

5. ಸಂಗ್ರಹಣಾ ಸಾಧನ: 3.5 ಇಂಚಿನ ಹಾರ್ಡ್ ಡಿಸ್ಕ್ ಕೆಲಸವಿಲ್ಲದಿದ್ದರೂ ತಿರುಗುತ್ತಿದ್ದು, ಕೆಲವು ವ್ಯಾಟ್ ಬಳಸುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗಗಳಿಲ್ಲ. ಅದರ ನಿಷ್ಕ್ರಿಯ ಬಳಕೆ ಅತ್ಯಲ್ಪ.

ಈಗಾಗಲೇ ಗಣಕಯಂತ್ರ ಹೊಂದಿರುವವರಿಗೆ

ಮೇಲಿನ ಲೆಕ್ಕವನ್ನು ಗಮನಿಸಿದಲ್ಲಿ, ಕೇವಲ ವಿದ್ಯುತ್ ಉಳಿತಾಯಕ್ಕಾಗಿ ಸುಸ್ಥಿತಿಯಲ್ಲಿರುವ ಯಂತ್ರವನ್ನು ಬದಲಾಯಿಸುವುದು ಸಾಮಾನ್ಯವಾಗಿ ಲಾಭದಾಯಕವಲ್ಲ. ಮೊದಲು ವೆಚ್ಚವಿಲ್ಲದ ಕ್ರಮಗಳನ್ನು ಅನುಸರಿಸಬಹುದು. ಬಯಾಸ್‌ನಲ್ಲಿ ‘ಸಿ-ಸ್ಟೇಟ್ಸ್’ ಎಂಬ ವಿದ್ಯುತ್ ಉಳಿತಾಯದ ಆಯ್ಕೆಯು ಸಕ್ರಿಯವಾಗಿದೆಯೇ ಎಂದು ಪರಿಶೀಲಿಸುವುದು, ವಿಂಡೋಸ್‌ನಲ್ಲಿ ‘ಹೈ ಪರ್ಫಾರ್ಮೆನ್ಸ್’ ಬದಲಿಗೆ ‘ಬ್ಯಾಲೆನ್ಸ್ಡ್’ ವ್ಯವಸ್ಥೆಯನ್ನು ಆರಿಸುವುದು ಮತ್ತು ಬಿಡುವಿನ ವೇಳೆ ‘ಸ್ಲೀಪ್’ ಬಳಸುವುದು ಇವುಗಳಲ್ಲಿ ಮುಖ್ಯವಾದವು. ಯಂತ್ರ ಹಾಗೂ ಮಾನಿಟರ್‌ನ ಒಟ್ಟು ಬಳಕೆ ತಗ್ಗಿದಷ್ಟೂ, ವಿದ್ಯುತ್ ಕಡಿತವಾದಾಗ ಯುಪಿಎಸ್ ಹೆಚ್ಚು ಸಮಯ ಒದಗುತ್ತದೆ. ಅರ್ಧ ಭರ್ತಿಯಾದ ಅರ್ಜಿಯನ್ನು ಪೂರ್ಣಗೊಳಿಸಿ ಸಲ್ಲಿಸಲು ಇದರಿಂದ ಅವಕಾಶ ದೊರೆಯುತ್ತದೆ.

ನಿಖರವಾದ ಬಳಕೆಯನ್ನು ತಿಳಿಯಲು ಗೋಡೆಯ ಪ್ಲಗ್‌ಗೆ ಜೋಡಿಸುವ ವ್ಯಾಟ್ ಮೀಟರ್ ಉಪಯೋಗಿಸಬಹುದು. ಎಲ್ಲಾ ತಂತ್ರಾಂಶಗಳನ್ನು ಮುಚ್ಚಿ, ಕೆಲವು ನಿಮಿಷಗಳ ನಂತರ ಅಂಕಿಯನ್ನು ಗುರುತಿಸಿಕೊಳ್ಳತಕ್ಕದ್ದು. ಹೊಸ ಬಿಡಿಭಾಗದ ಹೆಚ್ಚುವರಿ ಬೆಲೆಯು ಅದರ ಬಾಳಿಕೆಯ ಅವಧಿಯಲ್ಲಿನ ಉಳಿತಾಯಕ್ಕಿಂತ ಕಡಿಮೆಯಿದ್ದಲ್ಲಿ ಮಾತ್ರ ಖರೀದಿಯನ್ನು ಪರಿಗಣಿಸಲು ಸಾರ್ವಜನಿಕರಲ್ಲಿ ಕೋರಲಾಗಿದೆ.