ಪಾಸ್‌ವರ್ಡ್ ಹಾಕಿದ್ರೂ ತೆರೆಯದ ಫೋಲ್ಡರ್

1/6
ಈ ಕಂಬ ನೋಡಿ. ನಮ್ಮ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಯದು. ಕನ್ನಡಿ ಥರ ನಯ, ಎದುರು ನಿಂತ್ರೆ ನಿಮ್ಮ ನೆರಳು ಕಾಣುತ್ತೆ. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ನೆನಪಿಗೆ ಮಗ ಬೊಪ್ಪದೇವ 1133ರಲ್ಲಿ ಕಟ್ಟಿಸಿದ ಬಸದಿ ಇದು. ಪ್ರಾಜೆಕ್ಟಿಗೆ ತೆಗೆದ ಈ ಫೋಟೋಗಳೆಲ್ಲ ಲ್ಯಾಬಿನ ವಿಂಡೋಸ್ ಕಂಪ್ಯೂಟರಿನ ಶೇರ್ಡ್ ಫೋಲ್ಡರಲ್ಲಿದ್ವು. ನನ್ನ ಲ್ಯಾಪ್‌ಟಾಪಲ್ಲಿ ಇರೋದು ಉಬುಂಟು. ಪಾಸ್‌ವರ್ಡ್ ಹಾಕ್ದೆ, ಮತ್ತೆ ಕೇಳ್ತು. ಮತ್ತೆ ಹಾಕ್ದೆ, ಮತ್ತೆ ಕೇಳ್ತು. ಬೆಳಿಗ್ಗೆ ಸಬ್ಮಿಷನ್. ನಿಮಗೂ ಹೀಗಾಗಿದ್ಯಾ? ಹಾಗಿದ್ರೆ ಇದರ ಹಿಂದಿನ ಕಥೆ ಕೇಳಿ.

2/6
1980ರ ದಶಕದ ಮೊದಲರ್ಧ. ಒಂದು ಕಂಪ್ಯೂಟರಿನ ಫೈಲನ್ನ ಇನ್ನೊಂದರಿಂದ ತೆರೆಯೋಕೆ ಐಬಿಎಂನ ಬ್ಯಾರಿ ಫೈಗನ್‌ಬಾಮ್ ಒಂದು ಮಾತಿನ ಕ್ರಮ ರೂಪಿಸಿದ್ರು. ಅದೇ ಎಸ್‌ಎಂಬಿ. ಮೈಕ್ರೋಸಾಫ್ಟ್ ಅದನ್ನ ತಗೊಂಡು ಬೆಳೆಸ್ತು. ಅತ್ತ ಯುನಿಕ್ಸ್ ಕಡೆ ಸನ್ ಕಂಪನಿ 1984ರಲ್ಲಿ ಎನ್‌ಎಫ್‌ಎಸ್ ತಂತು. ಎರಡೂ ಮಾಡೋ ಕೆಲಸ ಒಂದೇ, ಆದ್ರೆ ಇದರ ಭಾಷೆ ಅದಕ್ಕೆ ತಿಳಿಯಲ್ಲ.

3/6
1991ರ ಕೊನೆ, ಆಸ್ಟ್ರೇಲಿಯಾದ ಕ್ಯಾನ್‌ಬೆರಾ. ಆಂಡ್ರ್ಯೂ ಟ್ರಿಜೆಲ್ ಅನ್ನೋ ಪಿಎಚ್‌ಡಿ ವಿದ್ಯಾರ್ಥಿಗೆ ತನ್ನ ಡಾಸ್ ಕಂಪ್ಯೂಟರಿಂದ ಯುನಿಕ್ಸ್ ಯಂತ್ರದ ಫೈಲು ಬೇಕಿತ್ತು. ನಮ್ಮದೇ ಸಮಸ್ಯೆ ಅಲ್ವಾ? ಅವರ ಕೈಲಿ ಯಾವ ದಾಖಲೆಯೂ ಇರಲಿಲ್ಲ. ಕೇಬಲಿನಲ್ಲಿ ಹೋಗಿಬರೋ ಪ್ಯಾಕೆಟ್‌ಗಳನ್ನ ನೋಡಿ, ಯಾವ ಪ್ರಶ್ನೆಗೆ ಯಾವ ಉತ್ತರ ಬರುತ್ತೆ ಅಂತ ಗುರುತು ಹಾಕ್ಕೊಂಡು, ಅದೇ ಮಾತಾಡೋ ಪ್ರೋಗ್ರಾಂ ಬರೆದ್ರು. ಅರ್ಥ ಆಗದ ಲಿಪೀನ ಅಕ್ಷರ ಅಕ್ಷರವಾಗಿ ಬಿಡಿಸಿದ ಹಾಗೆ. ಆಮೇಲೆ ಎಸ್, ಎಂ, ಬಿ ಇದೇ ಕ್ರಮದಲ್ಲಿ ಬರೋ ಪದ ಹುಡುಕಿದಾಗ ಸಿಕ್ಕ ಹೆಸರು ‘ಸಾಂಬಾ’. ಪುಕ್ಕಟೆ, ಯಾರು ಬೇಕಾದ್ರೂ ಬಿಚ್ಚಿ ನೋಡಬಹುದು, ತಿದ್ದಬಹುದು.

4/6
ಈಗ ಬೀಗದ ವಿಷಯ. ಮೊದಮೊದಲು ಪಾಸ್‌ವರ್ಡ್ ಇದ್ದ ಹಾಗೇ ತಂತಿ ಮೇಲೆ ಹೋಗೋದಿತ್ತು, ನಡುವೆ ಕೂತವರು ಓದಬಹುದಿತ್ತು. 1997ರಲ್ಲಿ ವಿಂಡೋಸ್ ಎನ್‌ಟಿಯ ಒಂದು ಅಪ್‌ಡೇಟ್ ಅದನ್ನ ತಾನಾಗೇ ನಿಲ್ಲಿಸ್ತು. ಆ ಕಡೆಯ ಕಂಪ್ಯೂಟರು ಒಂದು ಸಂಖ್ಯೆ ಕಳಿಸುತ್ತೆ. ನಿಮ್ಮದು ಆ ಸಂಖ್ಯೆಗೆ ಪಾಸ್‌ವರ್ಡಿನ ಗುರುತು ಬೆರೆಸಿ ಲೆಕ್ಕ ಹಾಕಿ ಉತ್ತರ ಕಳಿಸುತ್ತೆ. ಪಾಸ್‌ವರ್ಡ್ ಮಾತ್ರ ಹೊರಗೆ ಹೋಗಲ್ಲ. ಎರಡು ಕಡೆಯ ಲೆಕ್ಕದ ವಿಧಾನ ಬೇರೆಯಾದ್ರೆ, ಸರಿಯಾದ ಪಾಸ್‌ವರ್ಡೂ ತಪ್ಪಾಗಿ ಕಾಣುತ್ತೆ!

5/6
ಹಾಗಾಗಿ ದಾಖಲೆಗಾಗಿ ಜಗಳ ನಡೀತು. ಯುರೋಪಿಯನ್ ಕಮಿಷನ್ 2004ರಲ್ಲಿ ಮೈಕ್ರೋಸಾಫ್ಟಿಗೆ ಮಾಹಿತಿ ಕೊಡಿ ಅಂತ ಆದೇಶ ಮಾಡ್ತು, 2007ರಲ್ಲಿ ಕೋರ್ಟೂ ಅದನ್ನ ಎತ್ತಿ ಹಿಡೀತು. ಅದೇ ಡಿಸೆಂಬರಿನಲ್ಲಿ 10,000 ಯೂರೋ ಶುಲ್ಕಕ್ಕೆ ಸಾಂಬಾದವರಿಗೆ ದಾಖಲೆ ಸಿಕ್ಕಿತು. ಅಷ್ಟರಲ್ಲಿ 2003ರ ಸಾಂಬಾ 3.0 ಯುನಿಕೋಡ್ ಕಲಿತಿತ್ತು. ‘ಬಸ್ತಿಹಳ್ಳಿ’ ಅಂತ ಕನ್ನಡದಲ್ಲೇ ಹೆಸರಿಟ್ಟ ಫೋಲ್ಡರ್ ಎರಡೂ ಕಡೆ ಹಾಗೇ ಕಾಣೋದು ಇಂಥ ಕೆಲಸದಿಂದ. 2013ರಲ್ಲಿ ಆಪಲ್ ಕೂಡ ಮ್ಯಾಕ್‌ಗೆ ಎಸ್‌ಎಂಬಿಯನ್ನೇ ಮುಖ್ಯ ದಾರಿ ಮಾಡ್ಕೊಂಡ್ತು.

6/6
ನನ್ನ ಫೋಲ್ಡರ್ ಏನಾಯ್ತು? ಒಬ್ಬ ಹೇಳ್ದ: “ಪಾಸ್‌ವರ್ಡೇ ತೆಗೆದುಬಿಡು.” ಇನ್ನೊಬ್ಬ: “ಹಳೇ ಎಸ್‌ಎಂಬಿ 1 ಆನ್ ಮಾಡು.” ದಯವಿಟ್ಟು ಎರಡೂ ಮಾಡಬೇಡಿ. 2017ರ ಮೇನಲ್ಲಿ ವಾನ್ನಾಕ್ರೈ ದೇಶದೇಶಕ್ಕೆ ಹರಡಿದ್ದು ಆ ಹಳೇ ಎಸ್‌ಎಂಬಿಯ ಬಿರುಕಿನಿಂದಲೇ. ಅದನ್ನ ಮುಚ್ಚೋ ಅಪ್‌ಡೇಟ್ ಮಾರ್ಚಲ್ಲೇ ಬಂದಿತ್ತು, ಬಹಳ ಜನ ಹಾಕ್ಕೊಂಡಿರಲಿಲ್ಲ. ಬ್ರಿಟನ್ನಿನ ಹಲವು ಆಸ್ಪತ್ರೆಗಳ ಕೆಲಸಕ್ಕೆ ಅಡ್ಡಿಯಾಯ್ತು.

ತಪ್ಪು ನನ್ನದೇ ಆಗಿತ್ತು. ನಾನು ಹಾಕ್ತಿದ್ದದ್ದು ಲ್ಯಾಬ್ ಕಂಪ್ಯೂಟರಿನ ಪಿನ್. ಪಿನ್ ಆ ಯಂತ್ರದ ಮುಂದೆ ಕೂತವರಿಗೆ ಮಾತ್ರ, ನೆಟ್‌ವರ್ಕಿನಿಂದ ಬರೋರಿಗೆ ನಡೆಯಲ್ಲ. ಯೂಸರ್‌ನೇಮ್ ಜಾಗದಲ್ಲೂ ನನ್ನ ಲ್ಯಾಪ್‌ಟಾಪಿನ ಹೆಸರಿತ್ತು. ಫೋಲ್ಡರ್ ಇರೋ ಕಂಪ್ಯೂಟರಿನ ಖಾತೆ ಹೆಸರು, ಅದರ ಪೂರ್ತಿ ಪಾಸ್‌ವರ್ಡ್ ಹಾಕಿದ ಕೂಡಲೇ ಕಂಬಗಳೆಲ್ಲ ಪರದೆ ಮೇಲೆ ಬಂದ್ವು.

ನಮ್ಮೂರಲ್ಲಿ ಪಾರ್ಶ್ವನಾಥ, ಆದಿನಾಥ, ಶಾಂತಿನಾಥ ಮೂರು ಬಸದಿಗೂ ಸೇರಿ ಒಂದೇ ಆವರಣ. ವಿಂಡೋಸ್, ಮ್ಯಾಕ್, ಲಿನಕ್ಸ್ ಕೂಡ ಹೀಗೆ ಪಕ್ಕಪಕ್ಕ ಇರಲಿ. ಬೀಗ ಇರಲಿ, ಕೀಲಿ ನಿಮ್ಮ ಹತ್ರವೇ ಇರಲಿ. ಆದ್ರೆ ಬಾಗಿಲಿನ ಭಾಷೆ ಒಬ್ಬರ ಗುಟ್ಟಾಗೋದು ಬೇಡ.

ನಿಮ್ಮ ಲ್ಯಾಬಲ್ಲಿ ಯಾವ ಫೋಲ್ಡರ್ ತೆರೀತಿಲ್ಲ? ಕೆಳಗೆ ಬರೀರಿ. ಪಾಸ್‌ವರ್ಡ್ ಮಾತ್ರ ಬರೀಬೇಡ್ರಪ್ಪ!

#ಬಸ್ತಿಹಳ್ಳಿ #ಹಳೇಬೀಡು #ಸಾಂಬಾ #ಕಂಪ್ಯೂಟರ್‌ಇತಿಹಾಸ