ತಪ್ಪು, ಸರಿ, ತಿದ್ದು

ಒಂದು ಜನಾಂಗವು ತಪ್ಪನ್ನು ಏನೆಂದು ಕರೆಯುತ್ತದೆ, ಆ ತಪ್ಪನ್ನು ನೇರ್ಪಡಿಸುವ ಕೆಲಸಕ್ಕೆ ಯಾವ ಹೆಸರಿಟ್ಟಿದೆ ಎಂಬುದನ್ನು ವಿಚಾರಿಸಿ ನೋಡಿದರೆ ಆ ಜನರ ನಡೆನುಡಿಯ ಒಂದು ಮರ್ಮ ತಿಳಿಯುತ್ತದೆ. ನಮ್ಮ ಕನ್ನಡದಲ್ಲಿ ಇದಕ್ಕೆ ನಾಲ್ಕು ಹಳೆಯ ಮಾತುಗಳಿವೆ: ತಪ್ಪು, ಸರಿ, ಒಪ್ಪು, ತಿದ್ದು. ದಿನಬಳಕೆಯಲ್ಲಿ ಸವೆದುಹೋಗಿರುವ ಈ ಮಾತುಗಳ ಚರಿತ್ರೆ ಸ್ವಾರಸ್ಯವಾದುದು.

'ತಪ್ಪು' ಎಂಬುದು ಮೊದಲಿಗೆ ಕ್ರಿಯಾಪದ. ದಾರಿ ತಪ್ಪುತ್ತದೆ, ಗುರಿ ತಪ್ಪುತ್ತದೆ, ತಾಳ ತಪ್ಪುತ್ತದೆ. ಹೋಗಬೇಕಾದ ಕಡೆಗೆ ಹೋಗದೆ ಪಕ್ಕಕ್ಕೆ ಜಾರುವುದೇ ಅದರ ಮೂಲಾರ್ಥ. 'ಸರಿ' ಎಂದರೆ ಸಮ; ತಕ್ಕಡಿಯ ಎರಡು ತಟ್ಟೆಗಳೂ ಒಂದೇ ಮಟ್ಟಕ್ಕೆ ನಿಲ್ಲುವುದು. ಸರಿಸಂಖ್ಯೆ, ಸರಿಸಮಾನ ಎಂಬ ಮಾತುಗಳಲ್ಲಿ ಆ ಅರ್ಥ ಇಂದಿಗೂ ಉಳಿದಿದೆ. 'ಒಪ್ಪು' ಎಂದರೆ ಹೊಂದುವುದು, ಶೋಭಿಸುವುದು. ಒಪ್ಪ ಓರಣ ಎನ್ನುವಾಗ ಅಂದ, ಸಮ್ಮತಿ ಎರಡೂ ಒಂದೇ ಮಾತಿನಲ್ಲಿ ಸೇರಿಕೊಂಡಿವೆ.

ಬೇರೆ ನಾಡಿನವರು ಇದನ್ನು ಹೇಗೆ ಹೇಳುತ್ತಾರೆ? ಇಂಡೋನೇಷ್ಯದ ಭಾಷೆಯಲ್ಲಿ ಸರಿಯಾದುದಕ್ಕೆ 'ಬೆತುಲ್' ಎನ್ನುತ್ತಾರೆ. ನೆಟ್ಟಗಿರುವುದು ಎಂಬ ಅರ್ಥವೂ ಅದಕ್ಕುಂಟು. 'ಮೆಂಬೆತುಲ್ಕನ್' ಎಂದರೆ ಸರಿಪಡಿಸು. ನಮ್ಮ ಹಳ್ಳಿಯವರು 'ನೆಟ್ಟಗೆ ಮಾಡು' ಎನ್ನುವುದೂ ಇದೇ ಜಾಡಿನಲ್ಲಿ. ಸಂಸ್ಕೃತದ 'ದೋಷ'ವು ಕಡಲು ದಾಟಿ ಅಲ್ಲಿ 'ದೋಸ' ಆಗಿದೆ. ಆದರೆ ಅಲ್ಲಿ ಅದರ ಅರ್ಥ ಪಾಪ. 'ಪರೀಕ್ಷೆ' ಅಲ್ಲಿ 'ಪೆರಿಕ್ಸ' ಆಗಿ, ಪರಿಶೀಲಿಸುವುದೆಂಬ ಅರ್ಥದಲ್ಲಿ ನಿಂತಿದೆ. ಒಂದೇ ದೋಷಶಬ್ದವು ಕಡಲಾಚೆ ಪಾಪವಾಗಿ, ನಮ್ಮಲ್ಲಿ ಕಾವ್ಯದ ಕುಂದಿನಿಂದ ಹಿಡಿದು ಕಣ್ಣಿನ ದೃಷ್ಟಿದೋಷದವರೆಗೆ ಬರಿಯ ಕೊರತೆಯಾಗಿ ಉಳಿದದ್ದು ಗಮನಿಸತಕ್ಕ ವಿಷಯ.

ಇನ್ನು 'ತಿದ್ದು'. ಹಳಗನ್ನಡದಲ್ಲಿ ಇದು 'ತಿರ್ದು'. ತಮಿಳಿನಲ್ಲಿ 'ತಿರುತ್ತು', ತೆಲುಗಿನಲ್ಲಿ 'ದಿದ್ದು'. ತಪ್ಪನ್ನು ಮಾತ್ರವಲ್ಲದೆ ಹಣೆಯ ತಿಲಕವನ್ನೂ ಮೀಸೆಯನ್ನೂ ನಾವು ತಿದ್ದುತ್ತೇವೆ. ಹಿಂದೆ ಮಗುವನ್ನು ಮಠಕ್ಕೆ ಹಾಕಿದಾಗ ಗುರುವು ಮರಳಿನ ಮೇಲೆ ಅಕ್ಷರ ಬರೆಯುವನು, ಮಗು ಅದರ ಮೇಲೆಯೇ ಬೆರಳಾಡಿಸುವುದು. ಇದಕ್ಕೆ ಅಕ್ಷರ ತಿದ್ದುವುದೆಂದು ಹೆಸರು. ತಪ್ಪಿನ ಮಾತೇ ಹುಟ್ಟದ ಮೊದಲ ಪಾಠದಲ್ಲಿಯೇ ತಿದ್ದುವುದು ಇತ್ತು. ಇರುವುದನ್ನು ಉಳಿಸಿಕೊಂಡು ಅದಕ್ಕೆ ರೂಪು ಕೊಡುವುದೇ ತಿದ್ದುವುದರ ತಿರುಳು. ನಮ್ಮ ಸಂವಿಧಾನಕ್ಕೆ 1951ರಲ್ಲಿ ಮೊದಲ ಬದಲಾವಣೆ ಆಯಿತಷ್ಟೆ; ಅಂಥದಕ್ಕೆ ಕನ್ನಡದಲ್ಲಿ 'ತಿದ್ದುಪಡಿ' ಎಂಬ ಮಾತು ಸಹಜವಾಗಿ ಒದಗಿ ಬಂದಿದೆ.

ಓಲೆಗರಿಯ ಕಾಲದಲ್ಲಿ ಈ ತಿರುಳು ಕಣ್ಣಿಗೆ ಕಾಣುತ್ತಿತ್ತು. ಕಂಠದಿಂದ ಕೊರೆದ ಅಕ್ಷರವನ್ನು ಅಳಿಸುವುದು ಸುಲಭವಲ್ಲ. ಬಿಟ್ಟುಹೋದ ಅಕ್ಷರವನ್ನು ಸಾಲುಗಳ ನಡುವೆ ಸೇರಿಸಿ ಗುರುತು ಹಾಕುವರು. ಆ ಗುರುತಿಗೆ ಹಂಸಪಾದವೆಂಬ ಚೆಲುವಾದ ಹೆಸರು. ಪ್ರತಿಯ ಕೊನೆಯಲ್ಲಿ, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕೆಂದು ಲಿಪಿಕಾರರು ಬಿನ್ನಹ ಮಾಡಿಕೊಳ್ಳುವುದೂ ಉಂಟು.

ಅಕ್ಷರದಲ್ಲಿ ಹೇಗೋ ವ್ಯವಹಾರದಲ್ಲಿಯೂ ಹಾಗೆಯೇ. ಇದಕ್ಕೆ ನಮ್ಮ ಹಾಸನ ಜಿಲ್ಲೆಯಲ್ಲಿಯೇ ಒಂದು ಕಲ್ಲಿನ ಸಾಕ್ಷಿಯಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿರುವ 1368ರ ಶಾಸನವದು. ವೈಷ್ಣವರಿಂದ ತಮಗೆ ಅನ್ಯಾಯವಾಯಿತೆಂದು ಆನೆಗೊಂದಿ, ಪೆನುಗೊಂಡೆ ಮೊದಲಾದ ಕಡೆಯ ಜೈನರು ವಿಜಯನಗರದ ಬುಕ್ಕರಾಯನಲ್ಲಿ ದೂರು ಕೊಂಡೊಯ್ದರು. ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಜೈನರಿಗೆ ಪಂಚಮಹಾವಾದ್ಯ ಕಲಶಗಳ ಹಕ್ಕನ್ನು ಉಳಿಸಿದನು. ಜೈನರು ಮನೆಗೆ ವರ್ಷಕ್ಕೊಂದು ಹಣದಂತೆ ಕೊಡುವುದು. ತಿರುಮಲೆಯ ತಾತಯ್ಯನು ಅದರಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಆಳುಗಳ ಕಾವಲಿಟ್ಟು, ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸುವುದು, ಎಂದು ಕಟ್ಟಳೆಯಾಯಿತು. ಅಂದರೆ ಯಾರ ಮೇಲೆ ದೂರು ಬಂದಿತೋ ಅವರ ಕಡೆಯ ಹಿರಿಯನಿಗೇ ಕಾಯುವ ಹೊಣೆ ಬಿತ್ತು. ಯಾರನ್ನೂ ಅಳಿಸದೆ ಇಬ್ಬರನ್ನೂ ಸರಿಗೆ ತಂದ ತಿದ್ದುಪಡಿಯಿದು.

ಭಾಷೆಯ ತಪ್ಪೊಪ್ಪುಗಳನ್ನು ವಿಚಾರಿಸಿದವರಲ್ಲಿ ಕವಿರಾಜಮಾರ್ಗಕಾರನೇ ನಮಗೆ ದೊರೆತಿರುವ ಮೊದಲಿಗ. ಒಂಬತ್ತನೆಯ ಶತಮಾನದ ಆ ಗ್ರಂಥದ ಮೊದಲ ಪರಿಚ್ಛೇದವೇ ದೋಷಾದೋಷಗಳನ್ನು ಕುರಿತದ್ದು. ಆದರೂ ದೇಶ್ಯಗಳು ಬೇರೆ ಬೇರೆಯಾಗಿರುವುದರಿಂದ, ಕನ್ನಡಗಳಲ್ಲಿ ದೋಷ ಇಷ್ಟೇ ಎಂದು ನಿಶ್ಚಯಿಸಲು ಹೊರಟರೆ ವಾಸುಕಿಯೂ ಬೇಸರಗೊಂಡಾನು ಎಂದು ಆತ ಒಪ್ಪಿಕೊಂಡಿದ್ದಾನೆ. 'ಕನ್ನಡಗಳು' ಎಂಬ ಆ ಬಹುವಚನವನ್ನು ವಾಚಕರು ಮರೆಯಬಾರದು.

ನಾಲ್ಕು ಶತಮಾನಗಳ ತರುವಾಯ, ಸುಮಾರು 1260ರಲ್ಲಿ, ಜನ್ನನ ಸೋದರಳಿಯನಾದ ಕೇಶಿರಾಜನು ಶಬ್ದಮಣಿದರ್ಪಣವನ್ನು ಬರೆದನು. ದೋರಸಮುದ್ರದಲ್ಲಿ ಹೊಯ್ಸಳರು ಆಳುತ್ತಿದ್ದ ಕಾಲ ಅದು. ಜನರ ನಾಲಗೆಯಲ್ಲಿ ೞಕಾರವು ಆಗಲೇ ಮಸಳುತ್ತಿತ್ತು. ಕೇಶಿರಾಜನು ಅದು ಎಲ್ಲೆಲ್ಲಿ ಬರಬೇಕೆಂದು ಶ್ರಮಪಟ್ಟು ಪದಗಳನ್ನು ಪಟ್ಟಿಮಾಡಿದನು. ಅಷ್ಟಾದರೂ ೞಕಾರ ಉಳಿಯಲಿಲ್ಲ: 'ಪೞೆಯ' ಎಂಬುದು 'ಹಳೆಯ' ಆಯಿತು, 'ಏೞು' ಎಂಬುದು 'ಏಳು' ಆಯಿತು. ಹಾಗೆಂದು ಅವನ ಶ್ರಮ ವ್ಯರ್ಥವಲ್ಲ. ಹಳೆಯ ಕಾವ್ಯವನ್ನು ಇಂದು ಸರಿಯಾಗಿ ಓದಲು ಆ ಪಟ್ಟಿಯೇ ಕೈದೀವಿಗೆ. ಒಂದು ಕಾಲದ ತಪ್ಪು ಇನ್ನೊಂದು ಕಾಲಕ್ಕೆ ಒಪ್ಪಾಗುವುದೂ ಉಂಟೆಂಬುದು ಇಲ್ಲಿಯ ಪಾಠ.

ಈ ಪಾಠ ಇಂದಿನ ತರಗತಿಗೂ ಸಲ್ಲುತ್ತದೆ. ಹೇಮಾವತಿಯ ಹಿನ್ನೀರಿನ ದಡದ ಶೆಟ್ಟಿಹಳ್ಳಿಯ ಸುತ್ತಿನ ಹಳ್ಳಿಗಳಲ್ಲಿ 'ಹಾಲು' ಎಂಬುದನ್ನು 'ಆಲು' ಎನ್ನುವುದು ಮನೆಮಾತು. ಮಗು ಹಾಗೆಯೇ ಬರೆದರೆ ತಿದ್ದಬೇಕು. 'ಹಾಡು' ಹೋಗಿ 'ಆಡು' ಆದರೆ ಅರ್ಥವೇ ಕೆಡುತ್ತದೆ. ಆದರೆ 'ಪಾಲ್' ಎಂಬುದು 'ಹಾಲು' ಆದಾಗ ಪಕಾರ ಸಡಿಲವಾಯಿತು. 'ಆಲು' ಎನ್ನುವಲ್ಲಿ ಹಕಾರವೂ ಸಡಿಲವಾಗಿದೆ. ಮೊದಲ ಹೆಜ್ಜೆಯನ್ನು ವ್ಯಾಕರಣ ಒಪ್ಪಿತು, ಎರಡನೆಯದನ್ನು ಒಪ್ಪಿಲ್ಲ. ಭೇದ ಇಷ್ಟೇ. ಇದನ್ನು ಬಲ್ಲ ಉಪಾಧ್ಯಾಯನು "ಬರವಣಿಗೆಯಲ್ಲಿ ಹೀಗೆ" ಎಂದು ತೋರಿಸಿಕೊಡುತ್ತಾನೆ. ಬಲ್ಲದವನು "ನಿನ್ನ ಮಾತೇ ತಪ್ಪು" ಎನ್ನುತ್ತಾನೆ. ಎರಡನೆಯ ಮಾತನ್ನು ಕೇಳಿದ ಮಗು ತನ್ನ ತಾಯಿಯ ಮಾತಿಗೆ ನಾಚಿಕೊಂಡು ತರಗತಿಯಲ್ಲಿ ಬಾಯಿ ತೆರೆಯುವುದನ್ನೇ ಬಿಡುತ್ತದೆ. ಬಾಯಿ ತೆರೆಯದ ಮಗುವನ್ನು ಯಾರು ತಾನೆ ತಿದ್ದಬಲ್ಲರು?

ಕೆಂಪು ಮಸಿಯಲ್ಲಿ ಅಡ್ಡಗೆರೆ ಎಳೆಯುವುದು ಕ್ಷಣದ ಕೆಲಸ. ಪಕ್ಕದಲ್ಲಿ ಸರಿಯಾದ ರೂಪವನ್ನು ಬರೆದು, ಅದರ ಮೇಲೆ ಮಗುವಿನ ಕೈ ಆಡುವವರೆಗೆ ನಿಂತು ನೋಡುವುದಕ್ಕೆ ಹೊತ್ತು ಬೇಕು, ತಾಳ್ಮೆಯೂ ಬೇಕು. ಕನ್ನಡದಲ್ಲಿ ತಿದ್ದುವುದೆಂದು ಹೆಸರಿರುವುದು ಈ ಎರಡನೆಯ ಕೆಲಸಕ್ಕೆ.